ಯುದ್ಧ ಆಗದೆ ಉಳಿದ ವರ್ಷಗಳನ್ನೂ ಪಾಠ ಮಾಡಿ

ಮಾನ್ಯ ಸಂಪಾದಕರೇ,

ಮೊದಲ ಮಹಾಯುದ್ಧಕ್ಕೆ ಕಾರಣಗಳೇನು ಎಂದು ಹೈಸ್ಕೂಲಿನ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ: ಉಗ್ರ ರಾಷ್ಟ್ರೀಯತೆ, ಸಾಮ್ರಾಜ್ಯಶಾಹಿ, ಶಸ್ತ್ರಾಸ್ತ್ರ ಪೈಪೋಟಿ, ಮೈತ್ರಿಕೂಟಗಳು, ಕೊನೆಗೆ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಹತ್ಯೆ. ಐದು ಅಂಶ, ಐದು ಅಂಕ. 1929ರ ಮಹಾಕುಸಿತಕ್ಕೆ, ಅಂದರೆ ವರ್ಷಗಟ್ಟಲೆ ನಡೆದ ಜಾಗತಿಕ ಆರ್ಥಿಕ ಹಿಂಜರಿತಕ್ಕೆ, ಕಾರಣ ಕೇಳಿದರೆ ಷೇರುಪೇಟೆ ಬಿದ್ದದ್ದು ಎಂಬ ಒಂದೇ ವಾಕ್ಯ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಅದೇ ವಿದ್ಯಾರ್ಥಿಗೆ ಇನ್ನೊಂದು ಪ್ರಶ್ನೆ ಹಾಕಿ ನೋಡಿ. ಮೊದಲ ನಾಲ್ಕು ಅಂಶಗಳು 1911ರಲ್ಲೂ ಇದ್ದವು, 1912ರಲ್ಲೂ ಇದ್ದವು. ಆಗ ಯೂರೋಪಿನಾದ್ಯಂತ ಯುದ್ಧ ಏಕೆ ಹಬ್ಬಲಿಲ್ಲ? ಉತ್ತರ ಬರುವುದಿಲ್ಲ, ಏಕೆಂದರೆ ಈ ಪ್ರಶ್ನೆಯನ್ನು ನಾವು ತರಗತಿಯಲ್ಲಿ ಕೇಳಿಯೇ ಇರುವುದಿಲ್ಲ. ಯುದ್ಧ ಮತ್ತು ಆರ್ಥಿಕ ಬಿಕ್ಕಟ್ಟುಗಳ ಕಾರಣಗಳನ್ನು ಕಲಿಸುವ ಕೆಲಸ ಇಲ್ಲಿಂದಲೇ ಶುರುವಾಗಬೇಕು ಎಂಬುದು ಇತಿಹಾಸ ಮತ್ತು ಅರ್ಥಶಾಸ್ತ್ರ ಬೋಧಿಸುವ ನಮ್ಮ ಖಚಿತ ಅಭಿಪ್ರಾಯ.

1914ಕ್ಕೆ ಮೊದಲಿನ ಹತ್ತು ವರ್ಷಗಳಲ್ಲಿ ಯುದ್ಧ ಕೂದಲೆಳೆಯಲ್ಲಿ ತಪ್ಪಿದ ಸಂದರ್ಭಗಳು ಒಂದೆರಡಲ್ಲ. 1905ರಲ್ಲೂ 1911ರಲ್ಲೂ ಮೊರಾಕ್ಕೊ ಕುರಿತು ಜರ್ಮನಿ ಮತ್ತು ಫ್ರಾನ್ಸ್ ಜಟಾಪಟಿಗೆ ನಿಂತವು, ಮಾತುಕತೆಯಲ್ಲಿ ಮುಗಿಯಿತು. 1908ರಲ್ಲಿ ಆಸ್ಟ್ರಿಯಾ-ಹಂಗೇರಿ ಬೋಸ್ನಿಯಾವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡಾಗ ರಷ್ಯಾ ಹಲ್ಲು ಕಚ್ಚಿಕೊಂಡು ಸುಮ್ಮನಾಯಿತು. ಜಪಾನಿನ ಎದುರು 1905ರಲ್ಲಿ ಸೋತಿದ್ದ ಅದರ ಸೇನೆ ಇನ್ನೂ ಚೇತರಿಸಿಕೊಂಡಿರಲಿಲ್ಲ. 1912-13ರ ಬಾಲ್ಕನ್ ಯುದ್ಧಗಳ ಹೊತ್ತಿಗೆ ಲಂಡನ್ನಿನಲ್ಲಿ ರಾಯಭಾರಿಗಳು ಸಭೆ ಸೇರಿದರು, ಜರ್ಮನಿಯೇ ಆಸ್ಟ್ರಿಯಾವನ್ನು ತಡೆದು ನಿಲ್ಲಿಸಿತು. 1914ರ ಜುಲೈ 5ರಂದು ಅದೇ ಜರ್ಮನಿ, ನೀವೇನು ಮಾಡಿದರೂ ನಿಮ್ಮ ಬೆನ್ನಿಗಿದ್ದೇವೆ ಎಂದು ಆಸ್ಟ್ರಿಯಾಕ್ಕೆ ಮಾತು ಕೊಟ್ಟಿತು. ಈ ಎರಡು ನಡೆಗಳ ನಡುವೆ ಬದಲಾದದ್ದೇನು ಎಂದು ಹುಡುಕಲು ಹೊರಟ ವಿದ್ಯಾರ್ಥಿ ಕಾರಣದ ಹತ್ತಿರಕ್ಕೆ ಬರುತ್ತಾನೆ. ಪಟ್ಟಿ ಉರುಹೊಡೆದವನು ಬರುವುದಿಲ್ಲ.

ಮೈತ್ರಿಕೂಟಗಳು ತಾವಾಗಿಯೇ ಎಲ್ಲರನ್ನೂ ಯುದ್ಧಕ್ಕೆ ಎಳೆದವು ಎಂಬ ಮಾತನ್ನಂತೂ ಪಾಠದಿಂದ ತೆಗೆದೇಬಿಡಬೇಕು. ಜರ್ಮನಿ, ಆಸ್ಟ್ರಿಯಾಗಳ ಜೊತೆ ಒಪ್ಪಂದದಲ್ಲಿದ್ದ ಇಟಲಿ 1914ರಲ್ಲಿ ತಟಸ್ಥವಾಗಿ ಉಳಿಯಿತು; 1915ರಲ್ಲಿ ಎದುರು ಪಕ್ಷಕ್ಕೇ ಸೇರಿತು. ಒಪ್ಪಂದ ಕಾಗದದ ಮೇಲಿರುತ್ತದೆ, ಅದನ್ನು ಪಾಲಿಸುವುದೋ ಬಿಡುವುದೋ ಎಂದು ಆ ದಿನ ಯಾರೋ ಕುಳಿತು ತೀರ್ಮಾನಿಸುತ್ತಾರೆ. ಅವರು ಯಾರು, ಯಾವ ದಿನ, ಏನು ತಿಳಿದುಕೊಂಡು ತೀರ್ಮಾನಿಸಿದರು ಎಂಬುದೇ ಪಾಠ.

ಇದಕ್ಕೆ ತರಗತಿಯಲ್ಲಿ ಬೇಕಾದದ್ದು ಒಂದು ದೊಡ್ಡ ಹಾಳೆ. ಅಡ್ಡಕ್ಕೆ ಆರು ರಾಜಧಾನಿಗಳು: ವಿಯೆನ್ನಾ, ಬೆಲ್‌ಗ್ರೇಡ್, ಬರ್ಲಿನ್, ಸೇಂಟ್ ಪೀಟರ್ಸ್‌ಬರ್ಗ್, ಪ್ಯಾರಿಸ್, ಲಂಡನ್. ಉದ್ದಕ್ಕೆ ಜೂನ್ 28ರಿಂದ ಆಗಸ್ಟ್ 4ರವರೆಗಿನ ತಾರೀಕುಗಳು. ಹತ್ಯೆಯಿಂದ ಬ್ರಿಟನ್ನಿನ ಯುದ್ಧಘೋಷಣೆಗೆ 37 ದಿನ. ಪ್ರತಿ ಚೌಕದಲ್ಲಿ ಮೂರು ಸಂಗತಿ ಬರೆಯಬೇಕು: ಅಂದು ಅವರಿಗೆ ಗೊತ್ತಿದ್ದದ್ದೇನು, ಅವರು ಮಾಡಿದ್ದೇನು, ಅದರ ಬದಲು ಬೇರೇನು ಮಾಡಬಹುದಿತ್ತು. ಇಡೀ ಹಾಳೆ ತುಂಬುವುದು ಬೇಡ. ಹದಿನೈದು ಇಪ್ಪತ್ತು ಚೌಕ ತುಂಬಿದರೆ ಸಾಕು. ನಿಯಮ ಒಂದೇ: ಆ ದಿನ ಗೊತ್ತಿರದಿದ್ದ ವಿಷಯವನ್ನು ಆ ಚೌಕದಲ್ಲಿ ಬರೆಯುವಂತಿಲ್ಲ.

ಜುಲೈ 23ರ ಸಾಲನ್ನೇ ನೋಡಿ. ಅಂದು ಸಂಜೆ 6ಕ್ಕೆ ಆಸ್ಟ್ರಿಯಾ, ಯುವರಾಜನ ಹತ್ಯೆಯ ಸಂಚಿಗೆ ಸರ್ಬಿಯಾವನ್ನು ದೂರಿ, ಹತ್ತು ಬೇಡಿಕೆಗಳ ಪತ್ರವನ್ನು ಸರ್ಬಿಯಾಕ್ಕೆ ಕೊಟ್ಟಿತು, ಗಡುವು 48 ಗಂಟೆ. ಸಂಜೆ 6 ಏಕೆ? ಫ್ರಾನ್ಸಿನ ಅಧ್ಯಕ್ಷ ಪ್ವಾಂಕಾರೆ ಮತ್ತು ಪ್ರಧಾನಿ ವಿವಿಯಾನಿ ಆ ದಿನಗಳಲ್ಲಿ ರಷ್ಯಾದ ಭೇಟಿಯಲ್ಲಿದ್ದರು. ಅವರು ಹಡಗು ಹತ್ತಿ ಹೊರಡುವವರೆಗೂ ಪತ್ರ ಹೊರಬೀಳಬಾರದು, ಫ್ರಾನ್ಸ್ ಮತ್ತು ರಷ್ಯಾ ಮುಖಾಮುಖಿ ಕುಳಿತು ಮಾತಾಡಲು ಅವಕಾಶ ಸಿಗಬಾರದು ಎಂಬುದು ಲೆಕ್ಕಾಚಾರ. ಇಬ್ಬರೂ ಫ್ರಾನ್ಸಿಗೆ ವಾಪಸಾಗುವಷ್ಟರಲ್ಲಿ ಜುಲೈ 29 ಆಗಿತ್ತು. ಇಷ್ಟು ಗೊತ್ತಾದರೆ ಪ್ಯಾರಿಸ್ಸಿನ ಚೌಕಗಳು ಆರು ದಿನ ಏಕೆ ಬಹುತೇಕ ಖಾಲಿ ಎಂಬುದು ಹದಿನಾಲ್ಕರ ಹುಡುಗಿಗೂ ಅರ್ಥವಾಗುತ್ತದೆ.

ಸರ್ಬಿಯಾ 25ರಂದು ಕೊಟ್ಟ ಉತ್ತರ ಹೆಚ್ಚಿನ ಬೇಡಿಕೆಗಳನ್ನು ಷರತ್ತು ಸೇರಿಸಿಯಾದರೂ ಒಪ್ಪಿಕೊಂಡಿತ್ತು. ತನ್ನ ನೆಲದಲ್ಲಿ ನಡೆಯುವ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಪಾಲ್ಗೊಳ್ಳುವುದನ್ನು, ಅಂದರೆ ಆರನೆಯ ಬೇಡಿಕೆಯನ್ನು, ಮಾತ್ರ ನೇರವಾಗಿ ತಳ್ಳಿಹಾಕಿತು. 28ರ ಬೆಳಿಗ್ಗೆ ಈ ಉತ್ತರವನ್ನು ಓದಿದ ಜರ್ಮನ್ ಚಕ್ರವರ್ತಿ ವಿಲ್‌ಹೆಲ್ಮ್, ಯುದ್ಧಕ್ಕೆ ಇನ್ನು ಕಾರಣವೇ ಉಳಿದಿಲ್ಲ ಎಂಬರ್ಥದ ಟಿಪ್ಪಣಿ ಬರೆದ. ಆಸ್ಟ್ರಿಯಾ ಯುದ್ಧ ಸಾರಿದ್ದೂ ಅದೇ 28ರಂದು! ಇಲ್ಲಿ ಮಕ್ಕಳನ್ನು ನಿಲ್ಲಿಸಿ ಕೇಳಬೇಕು: ಈ ಟಿಪ್ಪಣಿ ಎರಡು ದಿನ ಮೊದಲೇ ವಿಯೆನ್ನಾ ತಲುಪಿದ್ದರೆ? ಒಂದೇ ಸರಿಯುತ್ತರ ಇದಕ್ಕಿಲ್ಲ. ಆದರೂ ಉತ್ತರಿಸಲು ಹೊರಟವರು ತಂತಿ ಸಂದೇಶ ಎಷ್ಟು ಹೊತ್ತಿಗೆ ತಲುಪುತ್ತಿತ್ತು, ಚಕ್ರವರ್ತಿಯ ಮಾತಿಗೆ ಸೇನಾ ಮುಖ್ಯಸ್ಥರ ಮುಂದೆ ಎಷ್ಟು ತೂಕವಿತ್ತು, ವಿಯೆನ್ನಾ ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಿತ್ತೇ ಎಂದು ವಿಚಾರಿಸಲೇಬೇಕಾಗುತ್ತದೆ.

ಆಮೇಲಿನ ದಿನಗಳಲ್ಲಿ ರೈಲುಗಳು ಮುಖ್ಯವಾಗುತ್ತವೆ. ಜುಲೈ 30ರಂದು ರಷ್ಯಾ ಇಡೀ ಸೇನೆಯನ್ನು ಜಮಾಯಿಸಲು ಆದೇಶಿಸಿತು. ಮೊದಲು ಫ್ರಾನ್ಸನ್ನು ಸುಮಾರು ಆರು ವಾರಗಳಲ್ಲಿ ಸೋಲಿಸಿ, ಆಮೇಲೆ ನಿಧಾನವಾಗಿ ಸೇರುವ ರಷ್ಯಾದ ಸೇನೆಯತ್ತ ತಿರುಗುವುದು ಜರ್ಮನಿಯ ಯೋಜನೆ. ಹಾಗಾಗಿ ರಷ್ಯಾ ಜಮಾಯಿಸುವ ಪ್ರತಿ ದಿನವೂ ಜರ್ಮನಿಯ ಕೈಯಿಂದ ಜಾರುವ ದಿನ. ಆಗಸ್ಟ್ 1ರಂದು ಚಕ್ರವರ್ತಿ ಸೇನೆಯನ್ನು ಪೂರ್ವಕ್ಕೆ ಮಾತ್ರ ಕಳಿಸೋಣ ಎಂದಾಗ ಸೇನಾ ಮುಖ್ಯಸ್ಥ ಮೋಲ್ಟ್‌ಕೆ, ಲಕ್ಷಗಟ್ಟಲೆ ಸೈನಿಕರ ಸಾಗಾಟವನ್ನು ನಿಂತ ನಿಲುವಿನಲ್ಲಿ ಬದಲಿಸಲಾಗದು ಎಂದ. ಪೂರ್ವಕ್ಕೆ ಮಾತ್ರ ಹೊರಡುವ ಪರ್ಯಾಯ ಯೋಜನೆಯನ್ನು 1913ರಲ್ಲೇ ಕೈಬಿಡಲಾಗಿತ್ತು. ಶಾಂತಿಯ ಕಾಲದಲ್ಲಿ ಯಾವುದೋ ಕಚೇರಿಯಲ್ಲಿ ಕೈಬಿಟ್ಟ ಒಂದು ಕಡತ ಬಿಕ್ಕಟ್ಟಿನ ಗಳಿಗೆಯಲ್ಲಿ ಆಯ್ಕೆಯನ್ನೇ ಕಿತ್ತುಕೊಂಡಿತು. ‘ಸೈನಿಕವಾದ’ ಎಂಬ ಪದವನ್ನು ನೂರು ಸಲ ಬರೆದರೂ ಇದು ತಿಳಿಯದು.

ಈ ಚಟುವಟಿಕೆ ಹಳಿ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಮಕ್ಕಳು ಚೌಕದೊಳಗೆ ಮತ್ತೆ ಪಟ್ಟಿಯ ಪದಗಳನ್ನೇ ತುಂಬುತ್ತಾರೆ: ‘ರಾಷ್ಟ್ರೀಯತೆ ಹೆಚ್ಚಾಯಿತು’, ‘ದ್ವೇಷ ಬೆಳೆಯಿತು’. ಪ್ರತಿ ವಾಕ್ಯಕ್ಕೂ ಕರ್ತೃವಾಗಿ ಒಬ್ಬ ಮನುಷ್ಯನೋ ಒಂದು ಸಂಪುಟವೋ ಇರಲೇಬೇಕು ಎಂದು ಹಟ ಹಿಡಿದರೆ ಇದು ನಿಲ್ಲುತ್ತದೆ. ಎರಡನೆಯದು, ಪಾಠ ‘ತಪ್ಪು ಯಾರದು’ ಎಂಬ ಚರ್ಚಾಸ್ಪರ್ಧೆಯಾಗಿ ಇಳಿದುಬಿಡುವುದು. ಯುದ್ಧದ ನಂತರ ಜರ್ಮನಿಯ ಜೊತೆ ಆದ ವರ್ಸೇಲ್ಸ್ ಒಪ್ಪಂದದ 231ನೇ ವಿಧಿ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು; 1961ರಲ್ಲಿ ಜರ್ಮನಿಯವರೇ ಆದ ಇತಿಹಾಸಕಾರ ಫ್ರಿಟ್ಜ್ ಫಿಷರ್ ಜರ್ಮನ್ ನಾಯಕತ್ವದ ಹೊಣೆಯನ್ನು ದಾಖಲೆ ಸಮೇತ ಮುಂದಿಟ್ಟಾಗ ಅಲ್ಲಿ ದೊಡ್ಡ ವಾಗ್ವಾದವೇ ಎದ್ದಿತು; ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ನಲವತ್ತು ನಿಮಿಷದ ಕೈ ಎತ್ತುವ ಮತದಾನದಿಂದ ಅದು ತೀರ್ಮಾನವಾಗುವುದೂ ಇಲ್ಲ. ಒಂದೊಂದು ರಾಜಧಾನಿಗೆ ಯಾವ ದಿನದವರೆಗೆ ಹಿಂದೆ ಸರಿಯುವ ದಾರಿ ಇತ್ತು ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಆರ್ಥಿಕ ಬಿಕ್ಕಟ್ಟಿಗೂ ಇದೇ ಪರೀಕ್ಷೆ ಹಚ್ಚಬೇಕು. ಅಮೆರಿಕದ ಡೌ ಜೋನ್ಸ್ ಸೂಚ್ಯಂಕ 1929ರ ಅಕ್ಟೋಬರ್ 28ರಂದು ಸುಮಾರು ಶೇ 13, ಮರುದಿನ ಸುಮಾರು ಶೇ 12 ಬಿತ್ತು. 1987ರ ಅಕ್ಟೋಬರ್ 19ರಂದು ಒಂದೇ ದಿನ ಬಿದ್ದದ್ದು ಶೇ 22.6. ಒಂದು ದಿನದ ಕುಸಿತವಾಗಿ 1987ರದ್ದೇ ದೊಡ್ಡದು. ಆದರೂ 1987ರ ನಂತರ ಮಹಾಕುಸಿತ ಬರಲಿಲ್ಲ. ಹಾಗಿದ್ದ ಮೇಲೆ ಷೇರುಪೇಟೆ ಬಿದ್ದದ್ದೊಂದೇ ಕಾರಣವಾಗಲಾರದು.

ವ್ಯತ್ಯಾಸ ಇರುವುದು ಆಮೇಲೆ ನಡೆದದ್ದರಲ್ಲಿ. 1987ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಮರುದಿನ ಬೆಳಿಗ್ಗೆಯೇ, ಬೇಕಾದಷ್ಟು ಹಣ ಒದಗಿಸಲು ಸಿದ್ಧ ಎಂದು ಪ್ರಕಟಿಸಿತು. 1930ರಿಂದ 1933ರ ನಡುವೆ ಅದೇ ದೇಶದಲ್ಲಿ ಸುಮಾರು 9,000 ಬ್ಯಾಂಕುಗಳು ಮುಚ್ಚಿಹೋದವು, ಚಲಾವಣೆಯಲ್ಲಿದ್ದ ನಗದು ಮತ್ತು ಠೇವಣಿಯ ಒಟ್ಟು ಮೊತ್ತ ಸುಮಾರು ಮೂರನೆಯ ಒಂದು ಭಾಗ ಕರಗಿತು. ನೋಟಿಗೆ ಚಿನ್ನದ ಬೆಲೆ ಕಟ್ಟಿಡುವ ಸುವರ್ಣ ಪ್ರಮಿತಿ ಎಲ್ಲರ ಕೈ ಕಟ್ಟಿಹಾಕಿತ್ತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಅದನ್ನು ಬಿಟ್ಟಾಗ, ಅಮೆರಿಕವೂ ಬಿಡಬಹುದೆಂಬ ಭಯದಿಂದ ಅಲ್ಲಿಂದ ಚಿನ್ನ ಹೊರಹರಿಯಲು ಶುರುವಾಯಿತು. ಅದನ್ನು ತಡೆಯಲು ಅಲ್ಲಿನ ಕೇಂದ್ರ ಬ್ಯಾಂಕು ಅಕ್ಟೋಬರಿನಲ್ಲಿ ಬಡ್ಡಿಯನ್ನು ಶೇ 1.5ರಿಂದ ಶೇ 3.5ಕ್ಕೆ ಏರಿಸಿತು. ಬ್ಯಾಂಕುಗಳು ಸಾಲುಸಾಲಾಗಿ ಮುಳುಗುತ್ತಿದ್ದ ಹೊತ್ತಿನಲ್ಲಿ ಬಡ್ಡಿ ಏರಿಕೆ! ಅಮೆರಿಕ 1933ರಲ್ಲಿ, ಫ್ರಾನ್ಸ್ 1936ರಲ್ಲಿ ಚಿನ್ನದ ನಂಟು ಕಡಿದುಕೊಂಡವು. ಒಟ್ಟಾರೆ ನೋಡಿದರೆ ಬೇಗ ಬಿಟ್ಟವರು ಬೇಗ ಚೇತರಿಸಿಕೊಂಡರು. ಈ ಮೂರು ವರ್ಷಗಳನ್ನು ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ಆಯಾ ದೇಶದ ಉತ್ಪಾದನೆ ಮತ್ತೆ ಏರಲು ತೊಡಗಿದ ವರ್ಷವನ್ನು ಮಕ್ಕಳಿಂದಲೇ ಹುಡುಕಿಸಿ ಬರೆಸಬಹುದು.

ಸರಿಯಾಗಿದ್ದ ಬ್ಯಾಂಕೂ ಹೇಗೆ ಮುಳುಗುತ್ತದೆ ಎಂಬುದಕ್ಕೆ ಒಂದು ಲೆಕ್ಕದ ಹಾಳೆ ಸಾಕು. ಒಂದು ಬ್ಯಾಂಕಿನ ಸ್ವಂತ ಬಂಡವಾಳ 5, ಜನರ ಠೇವಣಿ 95. ಈ ನೂರರಲ್ಲಿ ಕೈಯಲ್ಲಿರುವ ನಗದು 10, ಸಾಲ ಕೊಟ್ಟದ್ದು 90. ಸಾಲಗಳೆಲ್ಲ ಒಳ್ಳೆಯವೇ, ಕಂತು ಸರಿಯಾಗಿ ಬರುತ್ತಿದೆ. ಗಾಳಿಸುದ್ದಿ ಹಬ್ಬಿ ಠೇವಣಿದಾರರು 10 ವಾಪಸ್ ಕೇಳುತ್ತಾರೆ, ನಗದು ಮುಗಿಯಿತು. ಇನ್ನೂ 15 ಕೇಳುತ್ತಾರೆ. ಕೊಟ್ಟ ಸಾಲವನ್ನು ಅವಧಿಗೆ ಮುಂಚೆ ವಸೂಲು ಮಾಡಲಾಗದು, ಹಾಗಾಗಿ ಸಾಲಪತ್ರಗಳನ್ನು ಅವಸರದಲ್ಲಿ ಮಾರಬೇಕು. 20ರ ಪತ್ರಗಳಿಗೆ 15 ಸಿಗುತ್ತದೆ. ನಷ್ಟ 5, ಅಂದರೆ ಬಂಡವಾಳ ಪೂರ್ತಿ ಹೋಯಿತು. ಉಳಿದ ಠೇವಣಿ 70, ಉಳಿದ ಸಾಲ 70. ಇನ್ನೊಂದು ರೂಪಾಯಿ ಕೇಳಿದರೂ ಬ್ಯಾಂಕು ದಿವಾಳಿ, ಅಷ್ಟರವರೆಗೆ ಒಬ್ಬ ಸಾಲಗಾರನೂ ಕಂತು ತಪ್ಪಿಸಿಲ್ಲ. ಈಗ ಅದೇ ಲೆಕ್ಕವನ್ನು ಎರಡನೆಯ ಸಲ ಮಾಡಿಸಿ; ಈ ಸಲ ಕೇಂದ್ರ ಬ್ಯಾಂಕು ಸಾಲಪತ್ರಗಳನ್ನು ಅಡವಿಟ್ಟುಕೊಂಡು 15 ಕೊಡುತ್ತದೆ. ಬಂಡವಾಳ 5 ಹಾಗೇ ಉಳಿಯುತ್ತದೆ, ಮರುದಿನ ಕೌಂಟರ್ ತೆರೆಯುತ್ತದೆ, ಸರದಿ ಕರಗುತ್ತದೆ. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ 1931 ಮತ್ತು 1987ರ ಅಂತರ ಕಣ್ಣಿಗೆ ಕಾಣುತ್ತದೆ. ಶಿಕ್ಷಕರಿಗೊಂದು ಎಚ್ಚರಿಕೆ: ಬಂಡವಾಳವನ್ನು ನಗದು ಎಂದು ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ಹಣ ಎಲ್ಲಿಂದ ಬಂತು ಎಂಬುದು ಒಂದು ಕಡೆ, ಎಲ್ಲಿ ಇದೆ ಎಂಬುದು ಇನ್ನೊಂದು ಕಡೆ ಎಂದು ಮೊದಲೇ ಎರಡು ಅಂಕಣ ಹಾಕಿಸದಿದ್ದರೆ ಲೆಕ್ಕ ಕೆಡುತ್ತದೆ.

2008ರ ಆರ್ಥಿಕ ಬಿಕ್ಕಟ್ಟಿಗೂ ಇಂಥದ್ದೇ ಜೋಡಿ ಇದೆ. 2000ದ ಮಾರ್ಚಿನಿಂದ 2002ರ ಅಕ್ಟೋಬರಿನವರೆಗೆ ಅಮೆರಿಕದ ನ್ಯಾಸ್ಡ್ಯಾಕ್ ಷೇರು ಸೂಚ್ಯಂಕ ಶೇ 78ರಷ್ಟು ನೆಲಕಚ್ಚಿದರೂ ಅಲ್ಲಿನ ಹಿಂಜರಿತ ಸೌಮ್ಯವಾಗಿತ್ತು. ಆ ಷೇರುಗಳನ್ನು ಹೆಚ್ಚಿನಂಶ ಜನ ಸ್ವಂತ ಹಣದಲ್ಲಿ ಕೊಂಡಿದ್ದರು. ಕಳೆದುಕೊಂಡವರು ಬಡವಾದರು, ಆದರೆ ಅವರಿಗೆ ಸಾಲ ಕೊಟ್ಟವರ ಸರಪಳಿ ಕಡಿಯಲಿಲ್ಲ. 2008ರಲ್ಲಿ ನಷ್ಟ ಕುಳಿತಿದ್ದು ಗೃಹಸಾಲದಲ್ಲಿ, ಅದನ್ನು ಹೊತ್ತಿದ್ದು ಸಾಲದ ಮೇಲೆ ನಿಂತ ಬ್ಯಾಂಕುಗಳು. ಸ್ವಂತದ್ದು 3, ಸಾಲ 97, ಆಸ್ತಿ 100 ಎಂದಿಟ್ಟುಕೊಳ್ಳಿ. ಆಸ್ತಿಯ ಬೆಲೆ ಶೇ 4 ಇಳಿದರೆ 96 ಉಳಿಯಿತು, 97 ತೀರಿಸಲಾಗದು. ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕಿದ ಅಮೆರಿಕದ ಹೂಡಿಕೆ ಬ್ಯಾಂಕು ಲೀಮನ್ ಬ್ರದರ್ಸ್ ಹೆಚ್ಚುಕಡಿಮೆ ಇದೇ ಅನುಪಾತದಲ್ಲಿ ನಡೆಯುತ್ತಿತ್ತು. ಸಾಲದ ದೊಡ್ಡ ಪಾಲನ್ನು ಅದು ದಿನದಿನವೂ ನವೀಕರಿಸಬೇಕಿತ್ತು.

ಇಲ್ಲಿ ‘ದುರಾಸೆಯೇ ಕಾರಣ’ ಎಂಬ ಉತ್ತರ ಬಂದೇ ಬರುತ್ತದೆ. ಅದು ನೈತಿಕವಾಗಿ ಹಿತವೆನಿಸುವ ಉತ್ತರ, ಹಾಗಾಗಿಯೇ ಶಿಕ್ಷಕರೂ ತಲೆದೂಗಿ ಮುಂದಕ್ಕೆ ಹೋಗಿಬಿಡುತ್ತಾರೆ. ದುರಾಸೆ 1955ರಲ್ಲೂ ಇತ್ತು. ಎಲ್ಲ ವರ್ಷಗಳಲ್ಲೂ ಇರುವ ಸಂಗತಿ ಒಂದು ವರ್ಷದ ಅನಾಹುತವನ್ನು ವಿವರಿಸಲಾರದು. ಆ ವರ್ಷಗಳಲ್ಲಿ ದುರಾಸೆಗೆ ಯಾವ ನಿಯಮ ಅಡ್ಡ ಬಂದಿತ್ತು, ಯಾವಾಗ ಅದನ್ನು ಸಡಿಲಿಸಲಾಯಿತು ಎಂದು ಕೇಳಿದರೆ ಮಾತ್ರ ಮುಂದಿನ ಪ್ರಶ್ನೆ ಹುಟ್ಟುತ್ತದೆ.

ಶೇಕಡಾ ಲೆಕ್ಕದಲ್ಲಿ ಎಡವುವುದೂ ಸಾಮಾನ್ಯ. ಡೌ ಸೂಚ್ಯಂಕ 1929ರ ಸೆಪ್ಟೆಂಬರಿನ 381ರಿಂದ 1932ರ ಜುಲೈನ 41ಕ್ಕೆ ಇಳಿಯಿತು, ಅಂದರೆ ಶೇ 89 ಕುಸಿತ. ಶೇ 89 ಏರಿದರೆ ಮೊದಲಿನ ಮಟ್ಟಕ್ಕೆ ಬರುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ಬರುವುದು 78ರ ಹತ್ತಿರಕ್ಕೆ ಮಾತ್ರ. 41ರಿಂದ 381ಕ್ಕೆ ಒಂಬತ್ತು ಪಟ್ಟಿಗೂ ಹೆಚ್ಚು ಬೆಳೆಯಬೇಕು, ಅದಕ್ಕೆ 1954ರ ನವೆಂಬರ್‌ವರೆಗೆ ಕಾಯಬೇಕಾಯಿತು. ಗಣಿತದ ಶಿಕ್ಷಕರು ಅರ್ಧ ಪೀರಿಯಡ್ ಕೊಟ್ಟರೆ ಇದು ಸರಿಹೋಗುತ್ತದೆ.

ಯುದ್ಧವನ್ನೂ ಆರ್ಥಿಕ ಬಿಕ್ಕಟ್ಟನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ, ಬೇರೆ ಬೇರೆ ತಿಂಗಳಲ್ಲಿ ಕಲಿಸುವುದರಿಂದ ಆಗುವ ಹಾನಿ ಜರ್ಮನಿಯ ಉದಾಹರಣೆಯಲ್ಲಿ ಎದ್ದು ಕಾಣುತ್ತದೆ. ‘ವರ್ಸೇಲ್ಸ್ ಒಪ್ಪಂದ, ಅದರಿಂದ ಅತಿ ಹಣದುಬ್ಬರ, ಅದರಿಂದ ಹಿಟ್ಲರ್’ ಎಂಬ ಮೂರು ಮೆಟ್ಟಿಲ ವಿವರಣೆ ಎಲ್ಲೆಡೆ ಓಡಾಡುತ್ತಿದೆ. ತಾರೀಕು ಹಾಕಿ ನೋಡಿದರೆ ಅದು ನಿಲ್ಲುವುದಿಲ್ಲ. ಯುದ್ಧ ಪರಿಹಾರವಾಗಿ 1921ರಲ್ಲಿ ನಿಗದಿಯಾದ ಮೊತ್ತ 13,200 ಕೋಟಿ ಚಿನ್ನದ ಮಾರ್ಕ್. ಅದರಲ್ಲಿ 8,200 ಕೋಟಿ ಬಹುಮಟ್ಟಿಗೆ ಹೆಸರಿಗಷ್ಟೇ ಬರೆದದ್ದು, ವಸೂಲಾಗಬೇಕೆಂದಿದ್ದದ್ದು 5,000 ಕೋಟಿ. 1923ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ, ಪರಿಹಾರ ಸರಿಯಾಗಿ ಬರಲಿಲ್ಲವೆಂದು, ಜರ್ಮನಿಯ ಕೈಗಾರಿಕಾ ನೆಲೆಯಾದ ರೂರ್ ಪ್ರದೇಶಕ್ಕೆ ಸೇನೆ ನುಗ್ಗಿಸಿದವು. ಜರ್ಮನ್ ಸರ್ಕಾರ ಮುಷ್ಕರ ಹೂಡಿದ ಕಾರ್ಮಿಕರಿಗೆ ನೋಟು ಅಚ್ಚುಹಾಕಿ ಹಣ ಕೊಟ್ಟಿತು, ನವೆಂಬರಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಯಿತು. ಅದೇ ತಿಂಗಳು ಹೊಸ ನಾಣ್ಯ ಬಂದು ಹಣದುಬ್ಬರ ನಿಂತಿತು. 1928ರ ಮೇ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕ ಮತ ಶೇ 2.6.

ನಡುವೆ ನಾಲ್ಕೂವರೆ ವರ್ಷ ಇದೆಯಲ್ಲ! ಆ ಶೇ 2.6ರ ಮುಂದೆ ವಿದ್ಯಾರ್ಥಿ ಒಂದು ನಿಮಿಷ ನಿಂತು ಯೋಚಿಸಬೇಕು. 1924ರ ನಂತರ ಅಮೆರಿಕ ಜರ್ಮನಿಗೆ ಸಾಲ ಕೊಡುತ್ತಿತ್ತು, ಜರ್ಮನಿ ಬ್ರಿಟನ್-ಫ್ರಾನ್ಸ್‌ಗೆ ಪರಿಹಾರ ಕಟ್ಟುತ್ತಿತ್ತು, ಅವು ಅಮೆರಿಕಕ್ಕೆ ಯುದ್ಧಕಾಲದ ಸಾಲ ತೀರಿಸುತ್ತಿದ್ದವು. ಮೂರು ಬಾಣದ ಈ ತ್ರಿಕೋನವನ್ನು ಬೋರ್ಡಿನ ಮೇಲೆ ಬರೆದು ಅಮೆರಿಕದ ಬಾಣವನ್ನು ಅಳಿಸಿ, ಮುಂದೇನಾಗುತ್ತದೆ ಎಂದು ಕೇಳಿ. 1931ರ ಮೇ ತಿಂಗಳಲ್ಲಿ ವಿಯೆನ್ನಾದ ಕ್ರೆಡಿಟಾನ್‌ಸ್ಟಾಲ್ಟ್ ಬ್ಯಾಂಕು, ಜುಲೈನಲ್ಲಿ ಜರ್ಮನಿಯ ಡಾನಾಟ್ ಬ್ಯಾಂಕು ಕುಸಿದವು. 1930ರಿಂದ 1932ರವರೆಗೆ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆಗಿದ್ದ ಬ್ರೂನಿಂಗ್ ತುರ್ತು ಆಜ್ಞೆಗಳ ಮೂಲಕ ಸಂಬಳ ಮತ್ತು ಸರ್ಕಾರಿ ಖರ್ಚು ಕಡಿದು, ತೆರಿಗೆ ಏರಿಸಿದರು. 1932ರ ಆರಂಭಕ್ಕೆ ನಿರುದ್ಯೋಗಿಗಳು ಸುಮಾರು 60 ಲಕ್ಷ. ನಾಜಿಗಳ ಮತ 1930ರ ಸೆಪ್ಟೆಂಬರಿನಲ್ಲಿ ಶೇ 18.3, 1932ರ ಜುಲೈನಲ್ಲಿ ಶೇ 37.3. ಹತ್ತಿರದ ಕಾರಣ ಬೆಲೆ ಏರಿದ್ದಲ್ಲ, ಬೆಲೆ ಇಳಿದು ಕೆಲಸ ಹೋದದ್ದು. ಅಷ್ಟಕ್ಕೇ ನಿಲ್ಲಿಸಿದರೂ ತಪ್ಪೇ. ಸುಮಾರು ಶೇ 25 ನಿರುದ್ಯೋಗ ಕಂಡ ಅಮೆರಿಕ ಸರ್ವಾಧಿಕಾರಿಯನ್ನಲ್ಲ, ರೂಸ್ವೆಲ್ಟರನ್ನು ಆರಿಸಿತು. ಜರ್ಮನಿಯಲ್ಲೂ 1932ರ ನವೆಂಬರಿಗೆ ನಾಜಿಗಳ ಮತ ಶೇ 33.1ಕ್ಕೆ ಇಳಿದಿತ್ತು. ಅವರು ಇಳಿಮುಖವಾಗಿದ್ದಾಗಲೇ, 1933ರ ಜನವರಿ 30ರಂದು, ಮಾಜಿ ಚಾನ್ಸಲರ್ ಪಾಪೆನ್ ಮೊದಲಾದವರ ಮಾತು ಕೇಳಿ ಅಧ್ಯಕ್ಷ ಹಿಂಡೆನ್‌ಬರ್ಗ್ ಹಿಟ್ಲರನನ್ನು ಚಾನ್ಸಲರ್ ಮಾಡಿದರು. ಮತ್ತೆ ಬಂದು ನಿಲ್ಲುವುದು ಹೆಸರಿರುವ ಮನುಷ್ಯರ ತೀರ್ಮಾನದ ಮುಂದೆ.

ಇದನ್ನು ಇಷ್ಟು ನಿಖರವಾಗಿ ಕಲಿಸಿ ಎಂದು ನಾವು ಒತ್ತಾಯಿಸುವುದಕ್ಕೆ ಇನ್ನೊಂದು ಕಾರಣ ಇದೆ. ಕಾರಣ ಗೊತ್ತಿಲ್ಲದ ಜಾಗದಲ್ಲಿ ಒಂದು ಸಮುದಾಯದ ಹೆಸರು ಬಂದು ಕುಳಿತುಕೊಳ್ಳುತ್ತದೆ. ಗೆಲ್ಲುತ್ತಿದ್ದ ಸೇನೆಗೆ ಒಳಗಿನವರು, ಯಹೂದಿಗಳು, ಸಮಾಜವಾದಿಗಳು ಬೆನ್ನಿಗೆ ಇರಿದರು ಎಂಬ ಕಟ್ಟುಕಥೆಯನ್ನು 1918ರ ನಂತರ ಜರ್ಮನಿಯಲ್ಲಿ ಕೋಟ್ಯಂತರ ಜನ ನಂಬಿದರು. ಯುದ್ಧ ಸೋತಿದ್ದೇವೆ, ಕೂಡಲೇ ಕದನವಿರಾಮ ಕೇಳಿ ಎಂದು ಸರ್ಕಾರವನ್ನು ಒತ್ತಾಯಿಸಿದ್ದು 1918ರ ಸೆಪ್ಟೆಂಬರ್ 29ರಂದು ಅದೇ ಸೇನೆಯ ಹೈಕಮಾಂಡ್, ಅದರ ಪ್ರಮುಖ ಜನರಲ್ ಲೂಡೆನ್‌ಡಾರ್ಫ್. ಆ ಒಂದು ತಾರೀಕು ತಿಳಿದವನ ಮುಂದೆ ಆ ಕಥೆ ನಡೆಯದು. ಅಮೆರಿಕದ ಅಂತರ್ಯುದ್ಧವೂ ಅಷ್ಟೇ: ಅದು ರಾಜ್ಯಗಳ ಹಕ್ಕಿಗಾಗಿ ನಡೆಯಿತು, ಗುಲಾಮಗಿರಿಗಾಗಿ ಅಲ್ಲ ಎಂಬ ಮಾತು ದಕ್ಷಿಣದ ರಾಜ್ಯಗಳು ಸೋತ ನಂತರ ಬೆಳೆದದ್ದು. 1861ರ ಜನವರಿಯಲ್ಲಿ ಮಿಸಿಸಿಪ್ಪಿ ರಾಜ್ಯ ಒಕ್ಕೂಟ ಬಿಡಲು ಕೊಟ್ಟ ಘೋಷಣೆಯ ಆರಂಭದಲ್ಲೇ ಗುಲಾಮಗಿರಿಯ ರಕ್ಷಣೆ ತನ್ನ ಕಾರಣ ಎಂದು ಸ್ಪಷ್ಟವಾಗಿ ಹೇಳಿಕೊಂಡಿದೆ. ಘಟನೆಗೆ ಮುಂಚಿನ ಒಂದು ದಾಖಲೆ, ನಂತರದ ಒಂದು ಸಮರ್ಥನೆ, ಎರಡನ್ನೂ ಜೊತೆಗಿಟ್ಟು ಓದಿಸುವುದು ಇಂಥ ವಿಷಯದಲ್ಲಿ ತುಂಬ ಉಪಯುಕ್ತ.

ಒಂದೇ ಸಾಕ್ಷ್ಯದಿಂದ ಪ್ರಾಮಾಣಿಕರೂ ಬೇರೆ ತೀರ್ಮಾನಕ್ಕೆ ಬರಬಹುದು ಎಂಬುದನ್ನೂ ತೋರಿಸಬೇಕು. 2008ರ ಬಿಕ್ಕಟ್ಟನ್ನು ತನಿಖೆ ಮಾಡಿದ ಅಮೆರಿಕದ ಹತ್ತು ಜನರ ಆಯೋಗ 2011ರ ಜನವರಿಯಲ್ಲಿ ವರದಿ ಕೊಟ್ಟಾಗ ಆರು ಜನ ಒಂದು ಕಡೆ, ಮೂವರು ಇನ್ನೊಂದು ಕಡೆ, ಒಬ್ಬರು ಪ್ರತ್ಯೇಕ. ಫ್ರಾನ್ಸ್ ಮತ್ತು ಜರ್ಮನಿ ಎರಡೂ ದೇಶದ ಮಕ್ಕಳಿಗಾಗಿ 2006ರಿಂದ ಜಂಟಿಯಾಗಿ ಇತಿಹಾಸ ಪಠ್ಯ ಹೊರತಂದದ್ದು, ಕಾದಾಡಿದವರೂ ಒಟ್ಟಿಗೆ ಕುಳಿತು ಕಾರಣಗಳನ್ನು ಬರೆಯಬಹುದು ಎಂಬುದಕ್ಕೆ ನಿದರ್ಶನ.

ಪ್ರಶ್ನೆಪತ್ರಿಕೆ ಬದಲಾಗದೆ ಇದ್ಯಾವುದೂ ನಡೆಯದು. ‘ಕಾರಣಗಳನ್ನು ಪಟ್ಟಿ ಮಾಡಿ’ ಎನ್ನುವ ಬದಲು ‘1912ರಲ್ಲಿ ತಪ್ಪಿದ ಯುದ್ಧ 1914ರಲ್ಲಿ ಏಕೆ ತಪ್ಪಲಿಲ್ಲ?’ ಎಂದು ಕೇಳಲಿ. ಹತ್ತು ಅಂಕದ ಪ್ರಶ್ನೆಯಾದರೆ ತಾರೀಕುಗಳ ಸರಿಯಾದ ಕ್ರಮಕ್ಕೆ 2, ಎರಡು ವರ್ಷಗಳ ನಡುವಿನ ವ್ಯತ್ಯಾಸ ಗುರುತಿಸಿದ್ದಕ್ಕೆ 4, ಆ ವ್ಯತ್ಯಾಸ ಹೇಗೆ ಕೆಲಸ ಮಾಡಿತು ಎಂದು ವಿವರಿಸಿದ್ದಕ್ಕೆ 3, ತನ್ನ ವಾದಕ್ಕೆ ಎದುರಾಗುವ ಒಂದು ಸಂಗತಿಯನ್ನು ಒಪ್ಪಿಕೊಂಡದ್ದಕ್ಕೆ 1. ಮೌಲ್ಯಮಾಪಕರಿಗೆ ಒಂದೇ ಮಾದರಿ ಉತ್ತರ ಕೊಡದೆ, ಪರಸ್ಪರ ಒಪ್ಪದ ಎರಡು ಮಾದರಿ ಉತ್ತರಗಳನ್ನು ಕೊಟ್ಟು ಎರಡಕ್ಕೂ ಪೂರ್ಣ ಅಂಕ ಎಂದು ತಿಳಿಸಬೇಕು. ಇಲ್ಲದಿದ್ದರೆ ಯೋಚಿಸಿ ಬರೆದ ಮಗುವಿಗೆ ಅಂಕ ಖೋತಾ ಆಗುತ್ತದೆ, ಮರುವರ್ಷ ಅದರ ತಮ್ಮ ತಂಗಿಯರು ಗೈಡ್ ಹಿಡಿಯುತ್ತಾರೆ.

ಪಠ್ಯಪುಸ್ತಕ ಸಮಿತಿಯವರು ಮಾಡಬೇಕಾದ್ದು ಹೆಚ್ಚೇನಿಲ್ಲ. ಆಸ್ಟ್ರಿಯಾದ ಬೇಡಿಕೆ ಪತ್ರ ಮತ್ತು ಸರ್ಬಿಯಾದ ಉತ್ತರ ಎರಡೂ ಕೆಲವೇ ಪುಟಗಳವು. ಮಕ್ಕಳು ಓದುವ ಭಾಷೆಯಲ್ಲಿ ಅನುಬಂಧವಾಗಿ ಕೊಡಲಿ. 1928ರಿಂದ 1933ರವರೆಗಿನ ಮತ ಪ್ರಮಾಣ ಮತ್ತು ನಿರುದ್ಯೋಗದ ಅಂಕಿಗಳಿಗೆ ಒಂದು ಪುಟ ಸಾಕು. ಬಿಕ್ಕಟ್ಟು ಯುದ್ಧವಾಗದೆ ಮುಗಿದದ್ದಕ್ಕೆ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟಾಗ ಅಮೆರಿಕದ ಜೊತೆ ಎದ್ದ 1962ರ ಪ್ರಕರಣ ಸೇರಿಸಲಿ: ಅಕ್ಟೋಬರ್ 16ರಿಂದ 28ರವರೆಗೆ 13 ದಿನ, ವೈಮಾನಿಕ ದಾಳಿಯ ಬದಲು ಸಮುದ್ರದಲ್ಲಿ ತಡೆ, ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುವ ಗುಟ್ಟಿನ ಒಪ್ಪಂದ. 1914ರ 48 ಗಂಟೆಯ ಗಡುವಿನ ಪಕ್ಕದಲ್ಲಿ ಇದನ್ನಿಟ್ಟು ಓದಿಸಬಹುದು.

ಸಮಯ ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆಯೇ. 37 ದಿನಗಳ ಹಾಳೆಗೆ ಮೂರು ಪೀರಿಯಡ್, ಬ್ಯಾಂಕಿನ ಲೆಕ್ಕಕ್ಕೆ ಎರಡು, ಸಾಲದ ತ್ರಿಕೋನ ಮತ್ತು ಜರ್ಮನಿಯ ಚುನಾವಣೆಗಳಿಗೆ ಮೂರು, ದಾಖಲೆ ಓದಲು ಎರಡು, ಒಟ್ಟು ಹತ್ತು. ಕದನಗಳ ಹೆಸರು, ಸೇನಾಪತಿಗಳ ಹೆಸರು ಮತ್ತು ಒಪ್ಪಂದಗಳ ಉಪವಿಧಿಗಳನ್ನು ಬಾಯಿಪಾಠ ಮಾಡಿಸಲು ಈಗ ವ್ಯಯವಾಗುತ್ತಿರುವ ಪೀರಿಯಡ್‌ಗಳಲ್ಲೇ ಈ ಹತ್ತೂ ಸಿಗುತ್ತವೆ. ಅವುಗಳನ್ನು ಪಠ್ಯದಲ್ಲೇ ಉಳಿಸಿ, ಪರೀಕ್ಷೆಯಿಂದ ಮಾತ್ರ ಕೈಬಿಟ್ಟರೆ ಸಾಕು.

ಇಂತಿ,
ಪ್ರೌಢಶಾಲೆಯ ಇತಿಹಾಸ ಮತ್ತು ಅರ್ಥಶಾಸ್ತ್ರ ಶಿಕ್ಷಕರ ಒಂದು ಗುಂಪು